ಮೀಟರ್ ಸುಳ್ಳು ಹೇಳುತ್ತಿದೆಯೇ?

ಪ್ರಶ್ನೆ: 9 ವೋಲ್ಟ್ ಬ್ಯಾಟರಿಗೆ ತಲಾ 1 ಮೆಗಾಓಮ್‌ನ ಎರಡು ರೆಸಿಸ್ಟರ್‌ಗಳನ್ನು ಸರಣಿಯಲ್ಲಿ ಜೋಡಿಸಿದ್ದೇನೆ. ಒಂದೊಂದರ ಮೇಲೂ 4.5 ವೋಲ್ಟ್ ಸಿಗಬೇಕಲ್ಲ? ಡಿಜಿಟಲ್ ಮೀಟರ್ 3 ಅನ್ನುತ್ತದೆ. ಮೀಟರ್ ಕೆಟ್ಟಿದೆಯೇ?

ಉತ್ತರ: ಇಲ್ಲ. ಬ್ಯಾಟರಿಗೇ ನೇರವಾಗಿ ಹಿಡಿದು ನೋಡಿ, 9 ಸರಿಯಾಗಿ ಬರುತ್ತದೆ. ಅನೇಕ ಅಗ್ಗದ ಮೀಟರ್‌ಗಳ ಒಳರೋಧ, ಅಂದರೆ ಮೀಟರ್ ತಾನೇ ಒಡ್ಡುವ ರೋಧ, ಸುಮಾರು 1 ಮೆಗಾಓಮ್. ಪ್ರೋಬ್ (ಮೀಟರ್ ತಂತಿಯ ಮೊನೆ) ಇಟ್ಟ ಕೂಡಲೇ ಈ ಒಳರೋಧ ನಿಮ್ಮ ರೆಸಿಸ್ಟರ್‌ಗೆ ಸಮಾಂತರವಾಗಿ ಸೇರಿ, ಆ ಭಾಗದ ರೋಧ ಅರ್ಧ ಮೆಗಾಓಮ್‌ಗೆ ಇಳಿಯುತ್ತದೆ. 9 ವೋಲ್ಟ್ ಆಗ 6 ಮತ್ತು 3 ಆಗಿ ಹಂಚಿಹೋಗುತ್ತದೆ. ಅಂದರೆ ಮೀಟರ್ ತೋರಿಸಿದ 3 ನಿಜವೇ, ಆದರೆ ಪ್ರೋಬ್ ಇಟ್ಟಿರುವಷ್ಟು ಹೊತ್ತು ಮಾತ್ರ!

10 ಮೆಗಾಓಮ್ ಒಳರೋಧದ ಮೀಟರ್‌ನಲ್ಲಿ ಸುಮಾರು 4.29 ಬರುತ್ತದೆ. ಮೀಟರ್ ಬದಲಿಸಲಾಗದಿದ್ದರೆ 10 ಕಿಲೋಓಮ್ ರೆಸಿಸ್ಟರ್‌ಗಳನ್ನು ಹಾಕಿ; ಮೀಟರ್‌ನ 1 ಮೆಗಾಓಮ್ (1000 ಕಿಲೋಓಮ್) ಮುಂದೆ ಇವು ತೀರಾ ಚಿಕ್ಕವಾದ್ದರಿಂದ ಇದೇ ಮೀಟರ್ 4.48 ತೋರಿಸುತ್ತದೆ.