ಬಿ.ಎಡ್ ಇಲ್ಲದೆ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಬಹುದಾ?

ಬಿ.ಇ. ಮುಗಿದಿದೆ, ಕೈಯಲ್ಲಿ ಕಂಪನಿ ಆಫರ್ ಇದೆ, ಆದರೂ ಬೆಂಗಳೂರಲ್ಲೇ ಎರಡು ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುವ ಆಸೆ, ಬಿ.ಎಡ್ ಇಲ್ಲ, ಆಗುತ್ತಾ ಅಂತ ಕೇಳಿದ್ದೀರಿ.

ಕಾಯಂ ಹುದ್ದೆ ಆಗಲ್ಲ. ಅದಕ್ಕೆ ಡಿ.ಎಡ್ ಅಥವಾ ಬಿ.ಎಡ್ ಬೇಕು, 8ನೇ ತರಗತಿವರೆಗೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಕೂಡ ಪಾಸಾಗಿರಬೇಕು, ನೇಮಕಾತಿ ಪರೀಕ್ಷೆ ಬೇರೆ. ನಿಮಗೆ ಹತ್ತಿರದ ದಾರಿ ಟೀಚ್ ಫಾರ್ ಇಂಡಿಯಾ ಅನ್ನೋ ಸ್ವಯಂಸೇವಾ ಸಂಸ್ಥೆಯ ಫೆಲೋಶಿಪ್. 2009ರಿಂದ ನಡೀತಿದೆ, ಎರಡು ವರ್ಷದ್ದು, ಬಿ.ಎಡ್ ಕೇಳಲ್ಲ, ಬೆಂಗಳೂರಲ್ಲೂ ಇದೆ. ತಿಂಗಳಿಗೆ ಇಷ್ಟು ಅಂತ ಕೊಡ್ತಾರೆ, ಆದರೆ ಐಟಿ ಸಂಬಳದ ಜೊತೆ ಹೋಲಿಸೋಕೆ ಹೋಗ್ಬೇಡಿ. ಅವರು ನಿಮ್ಮನ್ನು ಕಡಿಮೆ ಫೀಸಿನ ಖಾಸಗಿ ಶಾಲೆಗೂ ಹಾಕಬಹುದು, ಸರ್ಕಾರಿ ಶಾಲೆಯೇ ಬೇಕಿದ್ದರೆ ಮೊದಲೇ ಕೇಳಿಕೊಳ್ಳಿ.

ಇನ್ನು ತರಗತಿ. ಒಂದೇ ಬೆಂಚಲ್ಲಿ ಮನೇಲಿ ತಮಿಳು ಮಾತಾಡೋ ಹುಡುಗಿ, ಪಕ್ಕದಲ್ಲಿ ಉರ್ದುವಿನವಳು, ತುದಿಯಲ್ಲಿ ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಗ. ಅವನು ಊರ ಜಾತ್ರೆಗೆ ಹೋದರೆ ಹದಿನೈದು ದಿನ ನಾಪತ್ತೆ. ಆರನೇ ಕ್ಲಾಸಲ್ಲೂ 52ರಲ್ಲಿ 27 ಕಳೆಯೋಕೆ ಬೆರಳು ಎಣಿಸೋರು ಇರ್ತಾರೆ. ಪಠ್ಯ ಮುಗಿಸ್ತೀನಿ ಅಂತ ಹೊರಟರೆ ಅವರು ಹಿಂದೇನೇ ಉಳೀತಾರೆ. ಕನ್ನಡ ಚೆನ್ನಾಗಿ ಬರುತ್ತೆ ಅಲ್ವಾ? ಅದೇ ನಿಮ್ಮ ದೊಡ್ಡ ಬಲ.

ಕಂಪನಿಗೆ ಸೇರುವ ದಿನ ಮುಂದಕ್ಕೆ ಹಾಕ್ತೀರಾ ಅಂತ ಒಂದು ಮೇಲ್ ಹಾಕಿ ನೋಡಿ. ಕೇಳೋಕೇನು ಕಾಸು ಕೊಡಬೇಕಾ?