ಭತ್ತದ ಹುಲ್ಲನ್ನು ಗದ್ದೆಗೇ ಸೇರಿಸಿ ಉತ್ತರೆ ಮುಂದಿನ ಪೈರು ಹಳದಿಯಾಗುವುದು ಏಕೆ?

ಮಂಡ್ಯದ ನಾಲೆ ಬಯಲಿಗೆ ಕಟಾವು ಯಂತ್ರ ಬಂದಮೇಲೆ ಹುಲ್ಲು ಗದ್ದೆಯಲ್ಲೇ ಉಳಿಯುವುದು ಜಾಸ್ತಿಯಾಗಿದೆ, ಅಲ್ವಾ? ಆ ಹುಲ್ಲಿನಲ್ಲಿ ಒಂದು ಪಾಲು ಸಾರಜನಕಕ್ಕೆ ಸುಮಾರು 60ರಿಂದ 80 ಪಾಲು ಇಂಗಾಲ ಇರುತ್ತದೆ. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಅಷ್ಟು ಸಾರಜನಕ ಸಾಲದು. ಸಾಲದ್ದನ್ನು ಮಣ್ಣಿನಿಂದ ಎಳೆದುಕೊಳ್ಳುತ್ತವೆ. ಪೈರಿಗೆ ಕೊರತೆಯಾಗಿ ಎಲೆ ಹಳದಿಯಾಗುತ್ತದೆ. ಕೆಲವು ವಾರ ಕಳೆದು ಆ ಜೀವಿಗಳೇ ಸತ್ತು ಕೊಳೆತಾಗ ಸಾರಜನಕ ಮಣ್ಣಿಗೆ ಮರಳುತ್ತದೆ.

ಹಾಗಾಗಿ ನಾಟಿಗೆ 3-4 ವಾರ ಮೊದಲೇ, ನೆಲ ಹಸಿಯಿರುವಾಗ ಉತ್ತುಬಿಡಿ. ನೀರು ನಿಲ್ಲಿಸಬೇಡಿ, ಗಾಳಿಯಾಡಿದರೆ ಬೇಗ ಕೊಳೆಯುತ್ತದೆ. ಸ್ವಲ್ಪ ಯೂರಿಯಾ ಎರಚಿದರೂ ಒಳ್ಳೆಯದು. ಪೈರು ಹೀರಿದ ಪೊಟ್ಯಾಷ್‌ನಲ್ಲಿ ಹೆಚ್ಚಿನ ಪಾಲು ಹುಲ್ಲಲ್ಲೇ ಇರುತ್ತದೆ, ಅದೂ ಗದ್ದೆಗೆ ಸಿಗುತ್ತದೆ. ದಯವಿಟ್ಟು ಬೆಂಕಿ ಮಾತ್ರ ಹಚ್ಚಬೇಡಿ. ಹುಲ್ಲಿನ ಸಾರಜನಕ ಬಹುಪಾಲು ಹೊಗೆಯಲ್ಲೇ ಹೋಗಿಬಿಡುತ್ತದೆ.