ಆರನೇ ಪುಟದಿಂದ ಶುರು ಮಾಡಿ

ನಮಸ್ಕಾರ.

ನಿಮ್ಮ 'ಕಣ್ಣೀರಿನ ಕೋಗಿಲೆ' ಲೇಖನ ಎರಡು ಸಲ ಓದಿದೆ. ಅಮೆರಿಕದ ಜಾಝ್ ಗಾಯಕಿ ಬಿಲ್ಲಿ ಹಾಲಿಡೇ 1933ರಿಂದ 1938ರವರೆಗೆ ಹಾಡಿದ ರೆಕಾರ್ಡುಗಳ ಬಗ್ಗೆ ಕನ್ನಡದಲ್ಲಿ ಒಂಬತ್ತು ಪುಟ ಬರೆಯೋಣ ಅಂತ ಒಬ್ಬರಿಗೆ ಅನ್ನಿಸಿತಲ್ಲ, ಅದೇ ನನಗೆ ಖುಷಿ. ಆದರೆ ಈಗಿರುವ ಹಾಗೆ ಪತ್ರಿಕೆಗೆ ಹಾಕಿಕೊಳ್ಳಲು ಆಗುವುದಿಲ್ಲ. 'ಪ್ರಕಟಿಸಲು ಆಗದ್ದಕ್ಕೆ ವಿಷಾದಿಸುತ್ತೇವೆ' ಅಂತ ಒಂದು ಸಾಲು ಕಳಿಸಿ ಕೈ ತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡದೆ ಇಷ್ಟುದ್ದ ಬರೆಯುತ್ತಿರುವುದಕ್ಕೆ ಕಾರಣ ನಿಮ್ಮ ಆರನೇ ಪುಟ. ಅದರ ಮಾತು ಆಮೇಲೆ. ಮೊದಲು ಬೈಗುಳ ಮುಗಿಸಿಬಿಡುತ್ತೇನೆ, ಬೇಜಾರು ಮಾಡ್ಕೋಬೇಡಿ.

ನೀವು ಬರೆಯುತ್ತೇನೆ ಅಂದದ್ದು ರೆಕಾರ್ಡುಗಳ ಬಗ್ಗೆ. ಬರೆದಿರುವುದು ಸಾವಿನ ಬಗ್ಗೆ. ಮೊದಲ ಪುಟದಲ್ಲೇ 1959ರ ಜುಲೈ, ನ್ಯೂಯಾರ್ಕಿನ ಆಸ್ಪತ್ರೆ, ಮಂಚದ ಪಕ್ಕ ಪೊಲೀಸ್ ಕಾವಲು, 44ನೇ ವಯಸ್ಸಿಗೆ ಕೊನೆ. ಅದಾದ ಮೇಲೆ ಜೈಲು, ಹೆರಾಯಿನ್, ಹೊಡೆಯುವ ಗಂಡಸರು, ಬಾಲ್ಟಿಮೋರಿನ ಬಾಲ್ಯ. ಮೊದಲ ಹಾಡಿನ ಹೆಸರು ಬರುವುದು ಐದನೇ ಪುಟದಲ್ಲಿ! ಅಷ್ಟು ಹೊತ್ತಿಗೆ ಓದುವವರು ಕರ್ಚೀಫು ತೆಗೆದು ಕೂತಿರುತ್ತಾರೆ. ಆಮೇಲೆ ಯಾವ ಹಾಡು ಹಾಕಿದರೂ ಅವರಿಗೆ ಅಳುವೇ ಕೇಳಿಸುತ್ತದೆ. ನಿಮಗೂ ಹಾಗೇ ಆಗಿದೆ. 1935ರ 'ವಾಟ್ ಎ ಲಿಟಲ್ ಮೂನ್‌ಲೈಟ್ ಕ್ಯಾನ್ ಡು' ಹಾಡಿನಲ್ಲಿ 'ಎದೆ ಬಗೆದು ತೋಡಿಕೊಂಡ ನೋವು' ಕೇಳಿಸಿತು ಅಂತ ಬರೆದಿದ್ದೀರಿ. ಸ್ವಾಮಿ, ಅದು ತಮಾಷೆಯ ಹಾಡು.

ಒಮ್ಮೆ ಸುಮ್ನೆ ಹಾಕಿ ಕೇಳಿ. ಬೆನ್ನಿ ಗುಡ್‌ಮನ್ನನ ಕ್ಲಾರಿನೆಟ್ಟಿನಿಂದ ಶುರುವಾಗುತ್ತದೆ, ಓಟ ಜೋರು. ಬಿಲ್ಲಿ ಬಾಯಿ ತೆರೆದಾಗ ಮೊದಲು ಬರುವುದು ಮಾತಲ್ಲ, ಬರೀ 'ಊ... ಊ... ಊ'. ಪ್ರೀತಿಯಲ್ಲಿ ಬಿದ್ದವರಿಗೆ ನಾಲಿಗೆ ಹೊರಳುವುದಿಲ್ಲ, ಹೇಳಬೇಕಾದ ಮಾತೇ ಬರುವುದಿಲ್ಲ, ಬೆಳದಿಂಗಳು ಬಿದ್ದರೆ ಮಾತ್ರ ಧೈರ್ಯ ಬರುತ್ತದೆ. ಹಾಡಿನ ಸಾರ ಇಷ್ಟೇ. ಆ ಊಕಾರವೇ ಅದರ ನಗು. ಬ್ಯಾಂಡು ಓಡುತ್ತಿದೆ, ಇವಳು ನಡೆಯುತ್ತಿದ್ದಾಳೆ. ಓಡುವ ಬಸ್ಸಿನ ಪಕ್ಕದಲ್ಲಿ ಕೈಬೀಸಿಕೊಂಡು ಆರಾಮಾಗಿ ನಡೆದುಹೋಗುವವಳ ಹಾಗೆ. ಆದರೂ ಸ್ಟಾಪು ಬಂದಾಗ ನೋಡಿದರೆ ಇಬ್ಬರೂ ಒಟ್ಟಿಗೇ ತಲುಪಿರುತ್ತಾರೆ! ಹಿಂದೆಯೇ ಬೆನ್ ವೆಬ್‌ಸ್ಟರ್ ಸ್ಯಾಕ್ಸಫೋನು, ರಾಯ್ ಎಲ್ಡ್ರಿಜ್ ಟ್ರಂಪೆಟ್ಟು, ಟೆಡ್ಡಿ ವಿಲ್ಸನ್ ಪಿಯಾನೊ. ಅವತ್ತು, ಅಂದರೆ 1935ರ ಜುಲೈ 2ರಂದು, ಬಿಲ್ಲಿಗೆ 20, ಟೆಡ್ಡಿಗೆ 22, ರಾಯ್‌ಗೆ 24, ಗುಡ್‌ಮನ್‌ಗೂ ವೆಬ್‌ಸ್ಟರ್‌ಗೂ 26. ಹುಡುಗರು! ಒಂದೇ ದಿನ ನಾಲ್ಕು ಹಾಡು ಮುಗಿಸಿದರು. ಏಳು ವಾರ ಕಳೆದು ಲಾಸ್ ಏಂಜಲೀಸಿನ ಪಾಲೊಮಾರ್ ಸಭಾಂಗಣದಲ್ಲಿ ಗುಡ್‌ಮನ್ ಬ್ಯಾಂಡಿಗೆ ಜನ ಹುಚ್ಚೆದ್ದು ಕುಣಿದರು. ಸ್ವಿಂಗ್ ಯುಗ, ಅಂದರೆ ಕುಣಿತದ ಜಾಝ್ ಬ್ಯಾಂಡುಗಳ ಕಾಲ, ಶುರುವಾದದ್ದು ಅಲ್ಲಿಂದ ಅಂತ ಪುಸ್ತಕಗಳು ಹೇಳುತ್ತವೆ. ನಿಮ್ಮ ಲೇಖನದಲ್ಲಿ ಈ ಯಾವ ಹುರುಪೂ ಇಲ್ಲ.

1958ರ 'ಲೇಡಿ ಇನ್ ಸ್ಯಾಟಿನ್' ಕೇಳಿ ಅತ್ತರೆ ತಪ್ಪಿಲ್ಲ, ಅಲ್ಲಿ ದನಿ ನಿಜಕ್ಕೂ ಹರಿದಿದೆ. ಆ ಹರಿದ ದನಿಯನ್ನು ತಂದು ಇಪ್ಪತ್ತರ ಹುಡುಗಿಯ ಗಂಟಲಿಗೆ ಅಂಟಿಸಬೇಡಿ. ಮುಂದೆ ಏನಾಗುತ್ತದೆ ಅಂತ ಅವಳಿಗೆ ಅವತ್ತು ಗೊತ್ತಿರಲಿಲ್ಲ.

ಎರಡನೆಯದು ಸತ್ಯದ ವಿಷಯ. ನೀವು ಅವಳ ಆತ್ಮಕಥೆಯನ್ನೂ 1972ರ ಸಿನಿಮಾವನ್ನೂ ದಾಖಲೆ ಅಂದುಕೊಂಡಿದ್ದೀರಿ. ಅಪ್ಪ ಅಮ್ಮ ಹದಿಹರೆಯದಲ್ಲಿ ಮದುವೆಯಾದರು ಅಂತ ಬರೆದಿದ್ದೀರಿ. ಆತ್ಮಕಥೆ ಶುರುವಾಗುವುದೇ ಆ ಮದುವೆಯಿಂದ, ಒಪ್ಪುತ್ತೇನೆ. ಆದರೆ ಆಮೇಲೆ ಅವಳ ಜೀವನ ಬರೆದವರು ಕಾಗದಪತ್ರ ಹುಡುಕಿದರು. ಅವರಿಬ್ಬರ ಮದುವೆಯೇ ಆಗಿರಲಿಲ್ಲ, ಅಮ್ಮ ಅಪ್ಪನಿಗಿಂತ ದೊಡ್ಡವಳು. ಬಿಲ್ಲಿ ಯಾಕೆ ಹಾಗೆ ಹೇಳಿಕೊಂಡಳು ಅನ್ನುವುದು ಒಳ್ಳೆಯ ವಿಷಯವೇ, ಅದನ್ನು ಬೇಕಾದರೆ ಬೇರೆಯಾಗಿ ಬರೆಯಿರಿ. ಇಲ್ಲಿ ಬೇಡ.

ಸಣ್ಣ ತಪ್ಪುಗಳೂ ಇವೆ. 'ಮೂನ್‌ಲೈಟ್' ಹಾಡಿನಲ್ಲಿ ಲೆಸ್ಟರ್ ಯಂಗ್ ಸ್ಯಾಕ್ಸಫೋನು ನುಡಿಸಿದ್ದಾನೆ ಅಂದಿದ್ದೀರಿ. ಇಲ್ಲ, ಅವನು ಮೊದಲ ಸಲ ಅವಳ ಜೊತೆ ಸ್ಟುಡಿಯೋಗೆ ಬಂದದ್ದು 1937ರ ಜನವರಿ 25ರಂದು. ಕರಿಯರ ಗುಂಪುಹತ್ಯೆಯ ಬಗ್ಗೆ ಹಾಡಿದ 'ಸ್ಟ್ರೇಂಜ್ ಫ್ರೂಟ್' 1937ರದ್ದಲ್ಲ, 1939ರ ಏಪ್ರಿಲಿನದು. ಅವಳ ಕಂಪನಿ ಒಲ್ಲೆ ಅಂದದ್ದರಿಂದ ಕಮೊಡೋರ್ ಅನ್ನುವ ಸಣ್ಣ ಲೇಬಲ್ ಅದನ್ನು ಮಾಡಿತು. ನೀವು ಆಯ್ದುಕೊಂಡ ವರ್ಷಗಳಿಗೆ ಅದು ಬರುವುದೇ ಇಲ್ಲ. ಇನ್ನು ಕೌಂಟ್ ಬೇಸಿ ಬ್ಯಾಂಡಿನ ಜೊತೆ 'ಅನೇಕ ರೆಕಾರ್ಡುಗಳನ್ನು ನೀಡಿದಳು' ಅಂದಿದ್ದೀರಿ. ಒಂದೂ ಇಲ್ಲ! ಬೇಸಿಯ ಕರಾರು ಡೆಕ್ಕಾ ಕಂಪನಿ ಜೊತೆ, ಅವಳ ಕರಾರು ಬೇರೆಯವರ ಜೊತೆ. ಹೆಚ್ಚುಕಡಿಮೆ ಒಂದು ವರ್ಷ ಅವನ ಬ್ಯಾಂಡಿನಲ್ಲಿ ಊರೂರು ತಿರುಗಿ ಹಾಡಿದರೂ ಉಳಿದಿರುವುದು ರೇಡಿಯೋದಿಂದ ಹಿಡಿದಿಟ್ಟ ಎರಡು ಮೂರು ಹಾಡು ಅಷ್ಟೇ. ಸವಾಯ್ ಸಭಾಂಗಣದಿಂದ ಬಂದ 'ಸ್ವಿಂಗ್ ಬ್ರದರ್ ಸ್ವಿಂಗ್' ಕೇಳಿ. ಕಳೆದುಹೋದದ್ದು ಎಷ್ಟು ಅಂತ ಗೊತ್ತಾಗುತ್ತದೆ.

ಈಗ ನನಗೆ ನಿಜವಾಗಿ ಸಿಟ್ಟು ಬಂದ ಜಾಗ. 'ಎ ಸೇಲ್‌ಬೋಟ್ ಇನ್ ದ ಮೂನ್‌ಲೈಟ್' ಬಗ್ಗೆ ಹೇಳುತ್ತಾ, 'ಇಯರ್‌ಫೋನಿನ ಎಡಗಡೆ ಬಿಲ್ಲಿ, ಬಲಗಡೆ ಲೆಸ್ಟರ್, ನಡುವೆ ನಾನು' ಅಂತ ಬರೆದಿದ್ದೀರಿ. ಸಾಲು ಚೆನ್ನಾಗಿದೆ. ಆದರೆ ಸುಳ್ಳು. ಅದು 1937ರ ಜೂನ್ ತಿಂಗಳ ರೆಕಾರ್ಡು. ಆಗ ಎಡ ಬಲ ಅನ್ನುವುದೇ ಇರಲಿಲ್ಲ. ಎಲ್ಲ ದನಿಗಳೂ ಬೆರೆತು ಒಂದೇ ಗೀರಿನಲ್ಲಿ ಕೂರುತ್ತಿದ್ದವು. ಸ್ಟೀರಿಯೋ ರೆಕಾರ್ಡುಗಳು ಅಂಗಡಿಗೆ ಬಂದದ್ದು 1958ರಲ್ಲಿ. ಎರಡೂ ಕಿವಿಗೆ ಒಂದೇ ಸದ್ದು ಬಂದಿರುತ್ತದೆ ನಿಮಗೆ. ಚೆಂದ ಕಾಣುತ್ತದೆ ಅಂತ ಬರೆದಿರಿ, ಅಲ್ವಾ? ನಾನೂ ಮಾಡಿದ್ದೇನೆ ಇದನ್ನು. ಹಳೇ ಪ್ಲೇಟೊಂದರ ಬಗ್ಗೆ ಬರೆಯುವಾಗ 'ಹಿಂದೆ ತಂಬೂರಿಯ ಝೇಂಕಾರ' ಅಂತ ಸೇರಿಸಿದ್ದೆ. ಇದ್ದದ್ದು ಹಾರ್ಮೋನಿಯಂ. ಓದುಗರೊಬ್ಬರು ಕಾರ್ಡು ಬರೆದು, 'ತಮಗೆ ಕೇಳಿಸಿದ ತಂಬೂರಿ ನಮಗೂ ಕೇಳಿಸುವಂತೆ ಮಾಡಿ' ಅಂತ ವಿನಂತಿಸಿಕೊಂಡಿದ್ದರು.

ಆ ಹಾಡಿನಲ್ಲಿ ನಿಜವಾಗಿ ನಡೆಯುವುದು ಇನ್ನೂ ಚೆನ್ನಾಗಿದೆ. ಅವಳು ಹಾಡುವಾಗ ಲೆಸ್ಟರ್ ಪಕ್ಕದಲ್ಲೇ ನುಡಿಸುತ್ತಿರುತ್ತಾನೆ. ನಮ್ಮ ಪಿಟೀಲಿನವರ ಹಾಗೆ ಹಾಡಿದ್ದನ್ನೇ ಹಿಂಬಾಲಿಸುವುದಿಲ್ಲ. ಅವಳು ಉಸಿರು ತೆಗೆದುಕೊಳ್ಳುವ ಸಂದಿಯಲ್ಲಿ ನುಸುಳುತ್ತಾನೆ, ಮಾತಿನ ಕೆಳಗೆ ಇನ್ನೊಂದು ಮಾತು ಇಡುತ್ತಾನೆ. ಊಟದ ಮನೆಯಲ್ಲಿ ಅತ್ತಿಗೆ ಮೈದುನ ಮೆಲ್ಲಗೆ ಮಾತಾಡಿಕೊಂಡ ಹಾಗೆ. ಒಂದೇ ಗೀರಿನಲ್ಲಿ ಎರಡು ದನಿ ಹೀಗೆ ಹತ್ತಿರ ಕೂತಿರುವಾಗ ಅವರನ್ನು ಎಡಕ್ಕೂ ಬಲಕ್ಕೂ ಯಾಕೆ ಬೇರೆ ಮಾಡುತ್ತೀರಿ?

ಗಂಗೂಬಾಯಿ ಹಾನಗಲ್ ಜೊತೆ ಮಾಡಿದ ಹೋಲಿಕೆ ತೆಗೆದುಬಿಡಿ. ಇಬ್ಬರೂ ಕಷ್ಟಪಟ್ಟರು ಅನ್ನುವುದು ಹೋಲಿಕೆಗೆ ಸಾಲದು. ಹೋಲಿಸಲೇಬೇಕು ಅಂತಿದ್ದರೆ ದನಿ ಹಿಡಿದು ಹೋಲಿಸಿ. ಗಂಗೂಬಾಯಿಯವರ ಮೊದಲ ಪ್ಲೇಟುಗಳಲ್ಲಿ ದನಿ ತೆಳುವಾಗಿ ಮೇಲಿದೆ. ಗಂಟಲಿನ ಚಿಕಿತ್ಸೆಯಾದ ಮೇಲೆ ಅದು ನಮಗೆಲ್ಲ ಗೊತ್ತಿರುವ ಆ ಗಂಡುದನಿಯಾಯಿತು. ಮೊದಲ ದನಿ, ಕೊನೆಯ ದನಿ ಎರಡನ್ನೂ ಬೇರೆ ಬೇರೆಯಾಗಿ ಕೇಳಬೇಕು ಅನ್ನುವುದಕ್ಕಾದರೆ ಆ ಉದಾಹರಣೆ ನಡೆಯುತ್ತದೆ.

ಭಾಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. 'ಮಾಂತ್ರಿಕ' ಅನ್ನುವ ಪದ ಹನ್ನೊಂದು ಸಲ ಇದೆ, ಎಣಿಸಿದ್ದೇನೆ. ಹಾಡುಗಳ ಹೆಸರನ್ನು ಕನ್ನಡಕ್ಕೆ ತಿರುಗಿಸಬೇಡಿ. 'ದಿಸ್ ಇಯರ್ಸ್ ಕಿಸಸ್' ಬದಲು 'ಈ ವರ್ಷದ ಮುತ್ತುಗಳು' ಅಂತ ಹುಡುಕಿದರೆ ಓದುಗರಿಗೆ ಹಾಡು ಸಿಗುವುದಿಲ್ಲ, ಇನ್ನೇನೋ ಸಿಗುತ್ತದೆ. ಇನ್ನೊಂದು, ಗುಡ್‌ಮನ್ 'ಅವರು', ವಿಲ್ಸನ್ 'ಅವರು', ಬಿಲ್ಲಿ ಮಾತ್ರ 'ಅವಳು' ಯಾಕೆ? ಗಮನಿಸಿರಲಿಕ್ಕಿಲ್ಲ ನೀವು. ಎಲ್ಲರಿಗೂ ಒಂದೇ ಇರಲಿ. ನಾನು ಈ ಪತ್ರದಲ್ಲಿ ಅಮೆರಿಕದವರಿಗೆಲ್ಲ ಏಕವಚನ ಹಾಕಿದ್ದೇನೆ. ಗಂಗೂಬಾಯಿಯವರಿಗೆ ಕೈ ಬರಲಿಲ್ಲ, ಅದು ನನ್ನ ತೊಂದರೆ.

ಈಗ ಆರನೇ ಪುಟ. ಅಡುಗೆಕಟ್ಟೆಯ ಮೇಲೆ ಫೋನಿಟ್ಟು 'ದಿಸ್ ಇಯರ್ಸ್ ಕಿಸಸ್' ಹಾಕಿದಿರಿ, ಬೆರಳಿನಲ್ಲಿ ತಾಳ ಬಡಿಯುತ್ತಾ ಹೋದಿರಿ. 'ಅವಳು ತಪ್ಪಿದಳು ಅಂದುಕೊಂಡೆ. ಸಾಲು ಮುಗಿಯುವಾಗ ನೋಡಿದರೆ ತಪ್ಪಿದ್ದು ನನ್ನ ಬೆರಳು.' ಇದನ್ನು ಓದಿ ಎದ್ದು ಹೋಗಿ ಆ ಹಾಡು ಹಾಕಿದೆ. ನಾನೂ ಮೇಜಿನ ಮೇಲೆ ಬಡಿದೆ. ನನ್ನ ಬೆರಳೂ ತಪ್ಪಿತು. ಲೇಖನ ಓದಿದವರು ಎದ್ದು ಹೋಗಿ ಹಾಡು ಹಾಕಬೇಕು, ನನಗೆ ಬೇಕಾದದ್ದು ಅಷ್ಟೇ. ನೀವು ಅದನ್ನು ಎರಡೇ ಸಾಲಿನಲ್ಲಿ ಮುಗಿಸಿ ಮತ್ತೆ ಕಣ್ಣೀರಿಗೆ ಹೋಗಿದ್ದೀರಿ.

ಅಲ್ಲೇ ಕೂರಬೇಕಿತ್ತು. ಬೆರಳು ಯಾಕೆ ತಪ್ಪಿತು? 'ಅನಾಗತ ಎಡುಪು' ಅಂತ ಒಂದು ಮಾತು ಹಾಕಿದ್ದೀರಿ. ಹತ್ತಿರ ಬಂದಿದ್ದೀರಿ, ಪೂರ್ತಿ ಸರಿಯಿಲ್ಲ. ನಮ್ಮಲ್ಲಿ ತಾಳ ಶುರುವಾದ ಮೇಲೆ ಹಾಡು ಎತ್ತಿಕೊಂಡರೆ ಅನಾಗತ. ಆದರೆ ಆ ಜಾಗ ಗೊತ್ತುಮಾಡಿಟ್ಟದ್ದು, ಪ್ರತಿ ಆವರ್ತಕ್ಕೂ ಅಲ್ಲೇ. ಬಿಲ್ಲಿಯದು ಹಾಗಲ್ಲ. ಒಂದು ಸಾಲು ತಡವಾಗಿ ಶುರು ಮಾಡಿ ಕೊನೆಯ ಪದಗಳನ್ನು ಒತ್ತಿ ಮುಗಿಸುತ್ತಾಳೆ. ಇನ್ನೊಂದು ಸಾಲನ್ನು ಹಿಂದೆಯೇ ಬಿಟ್ಟು ಬರುತ್ತಾಳೆ. ರಾಗವೂ ಹಾಗೆಯೇ. ಅವಳ ದನಿಯ ಹರವು ಒಂದು ಸ್ಥಾಯಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಹಾಡು ಬರೆದವನು ಮೇಲಕ್ಕೂ ಕೆಳಕ್ಕೂ ಹತ್ತಿಸಿ ಇಳಿಸಿದ್ದನ್ನು ಇವಳು ತಟ್ಟಿ ಸಮ ಮಾಡಿ, ಒಂದೇ ಸ್ವರದ ಮೇಲೆ ಮಾತಾಡಿದ ಹಾಗೆ ಹೇಳಿಬಿಡುತ್ತಾಳೆ. ಆ ಹಾಡಿನಲ್ಲಿ ಅವಳಿಗಿಂತ ಮೊದಲು ಲೆಸ್ಟರ್ ಇಡೀ ರಾಗವನ್ನು ಮೆತ್ತಗೆ ನುಡಿಸುತ್ತಾನೆ. ಅವನ ಸ್ಯಾಕ್ಸಫೋನು ಹಾಡಿದ ಹಾಗಿದೆ, ಅವಳ ಹಾಡು ಸ್ಯಾಕ್ಸಫೋನಿನ ಹಾಗಿದೆ. ಎರಡನ್ನೂ ಒಂದಾದ ಮೇಲೊಂದು ಬೆರಳು ಬಡಿಯುತ್ತಾ ಕೇಳಿ, ಎಲ್ಲೆಲ್ಲಿ ತಪ್ಪುತ್ತದೋ ಅಲ್ಲಲ್ಲಿ ಬರೆದುಕೊಳ್ಳಿ.

ಇನ್ನೂ ಎರಡು ಸಂಗತಿ ನಿಮಗೆ ಕೆಲಸಕ್ಕೆ ಬರಬಹುದು. ಅವಳ ಮೊದಲ ರೆಕಾರ್ಡು 'ಯುವರ್ ಮದರ್ಸ್ ಸನ್-ಇನ್-ಲಾ' 1933ರ ನವೆಂಬರ್ 27ರದ್ದು. ಶ್ರುತಿ ಅವಳಿಗೆ ಎತ್ತರವಾಯಿತು, ದನಿ ಕೂಗಿದ ಹಾಗಿದೆ, ಹೆದರಿದ್ದಾಳೆ. ಹದಿನೆಂಟು ವರ್ಷ. ನೀವು ಅದನ್ನೂ 'ಪರಿಪೂರ್ಣ' ಅಂದಿದ್ದೀರಿ, ಅಲ್ಲ. ಅದಕ್ಕೆ ಮೂರು ದಿನ ಮೊದಲು, ನವೆಂಬರ್ 24ರಂದು, ಬಿಲ್ಲಿಯ ಈ ರೆಕಾರ್ಡು ಮಾಡಿಸಿದ ಜಾನ್ ಹ್ಯಾಮಂಡನೇ ಬ್ಲೂಸ್ ಗಾಯಕಿ ಬೆಸ್ಸಿ ಸ್ಮಿತ್‌ಳ ರೆಕಾರ್ಡು ಮಾಡಿಸಿದ್ದ. ಬೆಸ್ಸಿಯ ಕೊನೆಯ ರೆಕಾರ್ಡಿಂಗ್ ಅದು. ಬಿಲ್ಲಿ ಚಿಕ್ಕಂದಿನಲ್ಲಿ ಕೇಳಿ ಬೆಳೆದ ದನಿ ಅವಳದು. ಒಬ್ಬಳು ಹೊರಟ ವಾರವೇ ಇನ್ನೊಬ್ಬಳು ಬಂದಳು. ಗುಡ್‌ಮನ್ ಎರಡೂ ಕಡೆ ಇದ್ದ.

ಇನ್ನೊಂದು, ದುಡ್ಡಿನ ಸಂಗತಿ. ಆ ಡಿಸೆಂಬರಿನಲ್ಲಿ ಅಮೆರಿಕದ ಪಾನನಿಷೇಧ ಹೋಯಿತು. ಬಾರುಗಳು ತೆರೆದವು, ಬಾರಿಗೊಂದು ಜೂಕ್‌ಬಾಕ್ಸ್ ಬಂತು. ಕಾಸು ಹಾಕಿದರೆ ಹಾಡುವ ಪೆಟ್ಟಿಗೆ. ಕರಿಯರ ಬಡಾವಣೆಗಳ ಪೆಟ್ಟಿಗೆಗಳಿಗೂ ಹೊಸ ಹಾಡು ಬೇಕಲ್ಲ? ಟೆಡ್ಡಿ ವಿಲ್ಸನ್ನನ ರೆಕಾರ್ಡುಗಳು ಆ ಬೇಡಿಕೆಗೆ ಆದವು. ಸಿನಿಮಾ ಹಾಡು, ನಾಟಕದ ಹಾಡು, ಹಾಡಿನ ಕಂಪನಿಯವರು ತಂದು ಸುರಿದದ್ದು, ಎಲ್ಲವನ್ನೂ ಸ್ಟುಡಿಯೋದಲ್ಲೇ ನೋಡಿ ಅಲ್ಲೇ ಕೂಡಿಸಿ ನುಡಿಸುತ್ತಿದ್ದರು. ಒಂದು ಬದಿಗೆ ಮೂರು ನಿಮಿಷ. ಅದರಲ್ಲಿ ಬಿಲ್ಲಿಯ ಪಾಲು ಸಾಮಾನ್ಯವಾಗಿ ನಡುವಿನ ಒಂದು ಸುತ್ತು. ಲೇಬಲ್ಲಿನಲ್ಲಿ ದೊಡ್ಡದಾಗಿ ಟೆಡ್ಡಿ ವಿಲ್ಸನ್ ಮತ್ತು ಅವನ ಆರ್ಕೆಸ್ಟ್ರಾ, ಕೆಳಗೆ ಸಣ್ಣಕ್ಷರದಲ್ಲಿ ಇವಳ ಹೆಸರು. 1936ರಿಂದ ವೊಕಾಲಿಯನ್ ಅನ್ನುವ 35 ಸೆಂಟಿನ ಅಗ್ಗದ ಲೇಬಲ್ಲಿನಲ್ಲಿ ಇವಳದೇ ಹೆಸರು ಬಂತು. ಹಾಡಿದ್ದಕ್ಕೆ ಒಂದು ಮೊತ್ತ ಕೈಗೆ ಬರುತ್ತಿತ್ತು, ಮಾರಾಟದಲ್ಲಿ ಪಾಲು ಇರಲಿಲ್ಲ. ನಿಮಗೆ ದುಃಖ ಬೇಕೇ ಬೇಕು ಅಂದರೆ ಇಲ್ಲಿದೆ ನೋಡಿ, ಲೆಕ್ಕದ ಪುಸ್ತಕದಲ್ಲಿ. ದನಿಯಲ್ಲಿ ಹುಡುಕಬೇಡಿ.

ಒಂಬತ್ತು ಪುಟ ಬೇಡ, ನಾಲ್ಕು ಸಾಕು. ಮೂರೇ ಹಾಡು ಆರಿಸಿಕೊಳ್ಳಿ: ಹೆದರಿದ ಮೊದಲನೆಯದು, ಊಕಾರದ ಎರಡನೆಯದು, ನಿಮ್ಮ ಬೆರಳು ತಪ್ಪಿಸಿದ ಮೂರನೆಯದು. ಸಾವು, ಜೈಲು ಎರಡೂ ಬರುವುದು ಬೇಡ, ಅವು ಆ ವರ್ಷಗಳ ಸಂಗತಿಯಲ್ಲ. ಕೋಗಿಲೆಯನ್ನು ತಲೆಬರಹದಿಂದ ಓಡಿಸಿ. ಎರಡು ತಿಂಗಳು ತೆಗೆದುಕೊಳ್ಳಿ, ಅವಸರವಿಲ್ಲ, ನಮ್ಮ ಮುಂದಿನ ಸಂಚಿಕೆಯೂ ತಡವಾಗಿಯೇ ಬರುವುದು.

ಅಂದಹಾಗೆ, ಅವತ್ತು ಅಡುಗೆಕಟ್ಟೆ ಪಕ್ಕ ಒಲೆಯ ಮೇಲೆ ಏನಿತ್ತು, ಸೀದುಹೋಯಿತಾ ಅಂತ ಬರೆದಿಲ್ಲ. ಅದನ್ನೂ ಬರೆಯಿರಿ.